ಪದಚರ್ಚೆ: ಇನ್‌ಪುಟ್ ಅನ್ನು ಊಡುವುದೋ, ಕೇಳುವುದೋ?

ಎಲ್ಲರಿಗೂ ನಮಸ್ಕಾರ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕಳಿಸಬೇಕು, ಮೂರನೆಯ ಅಧ್ಯಾಯದಲ್ಲಿ ನಿಂತುಬಿಟ್ಟಿದ್ದೇನೆ. ವಿಷಯ ಸರಳ. ಪ್ರೋಗ್ರಾಮು ಅರ್ಧಕ್ಕೆ ನಿಂತು 'ನಿಮ್ಮ ಹೆಸರು?' ಎಂದು ತೆರೆಯ ಮೇಲೆ ತೋರಿಸುತ್ತದೆ, ನಾವು ಟೈಪ್ ಮಾಡಿ ಎಂಟರ್ ಒತ್ತುವವರೆಗೆ ಕಾಯುತ್ತದೆ, ಆ ಸಾಲನ್ನು ಹಿಡಿದುಕೊಂಡು ಮುಂದೆ ಹೋಗುತ್ತದೆ. ಇನ್‌ಪುಟ್ ಎಂಬ ಫಂಕ್ಷನ್ ಮಾಡುವುದು ಇಷ್ಟೇ. ಫಂಕ್ಷನ್ನಿನ ಹೆಸರು ಹಾಗೇ ಇರಬೇಕು, ಅದು ಭಾಷೆಯದು. ವಿವರಣೆಗೆ ಮಾತ್ರ ಕನ್ನಡ ಬೇಕು: ಇನ್‌ಪುಟ್, ಪ್ರಾಂಪ್ಟ್ (ತೆರೆಯ ಮೇಲೆ ಕಾಣುವ ಪ್ರಶ್ನೆ), ಕಮಾಂಡ್ ಲೈನ್ (ಆಜ್ಞೆಗಳನ್ನು ಟೈಪ್ ಮಾಡುವ ಸಾಲು). ಸದ್ಯಕ್ಕೆ 'ಆದಾನ', 'ಸೂಚಕ', 'ಆದೇಶಸಾಲು' ಎಂದು ಹಾಕಿದ್ದೇನೆ. ಆದರೆ 'ಬಳಕೆದಾರರಿಂದ ಆದಾನವನ್ನು ಸ್ವೀಕರಿಸುತ್ತದೆ' ಎಂಬ ನನ್ನದೇ ವಾಕ್ಯವನ್ನು ಮರುದಿನ ಓದಿದಾಗ ನನಗೇ ತಡವರಿಸುವಂತಾಯಿತು. ದಯವಿಟ್ಟು ದಾರಿ ತೋರಿಸಿ.

* * *

> ಆದೇಶಸಾಲು

ಅರಿಸಮಾಸ. ಮೊದಲು ಇದನ್ನು ತೆಗೆಯಿರಿ. ಸಂಸ್ಕೃತ ಪದಕ್ಕೆ ಕನ್ನಡ ಪದ ಹೊಲಿಯುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಒಂಬತ್ತನೆಯ ಶತಮಾನದಲ್ಲೇ ಕವಿರಾಜಮಾರ್ಗ ಹೇಳಿಯಾಗಿದೆ.

ಇನ್‌ಪುಟ್‌ಗೆ 'ಊಡಿಕೆ'. ಉಣ್ಣುವವನು ಉಣ್ಣುತ್ತಾನೆ, ಉಣ್ಣಿಸುವವನು ಊಡುತ್ತಾನೆ. ಹಾಲೂಡು, ಮೊಲೆಯೂಡು ಈಗಲೂ ಬದುಕಿವೆ. ಯಂತ್ರಕ್ಕೆ ನಾವು ಊಡುತ್ತೇವೆ. ಕಮಾಂಡ್‌ಗೆ 'ಬೆಸ'. ಬೆಸಸು ಎಂದರೆ ಅಪ್ಪಣೆ ಕೊಡು, ಬೆಸಗೊಳ್ ಎಂದರೆ ವಿಚಾರಿಸು. ಅಪ್ಪಣೆಯೂ ಪ್ರಶ್ನೆಯೂ ಒಂದೇ ಬೇರಿನಲ್ಲಿವೆ. ನಿಮ್ಮ ಅಧ್ಯಾಯಕ್ಕೆ ಇದಕ್ಕಿಂತ ಹೊಂದುವ ಪದ ಇಲ್ಲ. 'ಬೆಸಸಾಲು' ಎಂದು ಬರೆಯಿರಿ.

* * *

ಬೆಸ ಎಂದರೆ ಇವತ್ತು ಓದುವವರಿಗೆ ಸರಿ-ಬೆಸದ ಬೆಸ. ಪ್ರೋಗ್ರಾಮಿಂಗ್ ಪಾಠದಲ್ಲಿ ಒಂದು ಸಂಖ್ಯೆ ಕೇಳಿ ಅದು ಸರಿಯೋ ಬೆಸವೋ ಹೇಳುವುದೇ ಮೊದಲ ಅಭ್ಯಾಸ. ಅದೇ ಪುಟದಲ್ಲಿ 'ಬೆಸಸಾಲು' ಎಂದರೆ ಒಂದು, ಮೂರು, ಐದನೆಯ ಸಾಲುಗಳು ಎಂದೇ ತಿಳಿಯುತ್ತಾರೆ. ಆಗದು.

ಅರಿಸಮಾಸದ ಮಾತನ್ನೂ ಪೂರ್ತಿ ಹೇಳಬೇಕು. ಬಿರುದುಗಳಲ್ಲಿ, ಹಿಂದಿನ ಕವಿಗಳು ಬಳಸಿ ರೂಢಿಯಾದ ಕಡೆಗಳಲ್ಲಿ ಕೇಶಿರಾಜನೇ ಬಿಟ್ಟುಕೊಟ್ಟಿದ್ದಾನೆ. ಹದಿಮೂರನೆಯ ಶತಮಾನದ ವೈಯಾಕರಣನಿಗೆ ಇದ್ದ ಸಡಿಲ ನಮಗೆ ಬೇಡವೇ?

'ಆದಾನ' ಉಳಿಸಿಕೊಳ್ಳಿ. ಔಟ್‌ಪುಟ್‌ಗೆ 'ಪ್ರದಾನ' ಎಂದರೆ ಆದಾನ–ಪ್ರದಾನ ಜೋಡಿಯಾಗಿ ಕೂರುತ್ತವೆ. 'ಊಡಿಕೆ'ಗೆ ಜೋಡಿ ಏನು ಕೊಡುತ್ತೀರಿ?

* * *

ಸ್ವಲ್ಪ ತಡೆಯಿರಿ. ಕೇಳಿದವರ ಅವಸರವನ್ನು ಇಬ್ಬರೂ ಮರೆತಿದ್ದೀರಿ. ಅವರು ವರ್ಣಿಸಿದ ಕೆಲಸಕ್ಕೆ ನಾಮಪದ ಬೇಕಾಗಿಯೇ ಇಲ್ಲ, ಕ್ರಿಯಾಪದ ಬೇಕು. ಅದು ನಮ್ಮ ನಾಲಗೆಯ ಮೇಲೇ ಇದೆ: ಕೇಳು.

ಹೆಸರೇನು ಎಂದು ಕೇಳುತ್ತೇವೆ. ಅವರು ಹೇಳಿದ್ದನ್ನೂ ಕೇಳುತ್ತೇವೆ. ಪ್ರಶ್ನಿಸುವುದಕ್ಕೂ ಕಿವಿಗೊಡುವುದಕ್ಕೂ ಕನ್ನಡಕ್ಕೆ ಒಂದೇ ಧಾತು. ತಮಿಳಿನಲ್ಲೂ ಹಾಗೆಯೇ, ತೆಲುಗಿನಲ್ಲಿ ಅಡುಗು ಬೇರೆ, ವಿನು ಬೇರೆ. ಈಗ ಆ ಫಂಕ್ಷನ್ ನೋಡಿ. ಪ್ರಶ್ನೆಯನ್ನು ತೆರೆಗೆ ಬರೆಯುತ್ತದೆ, ಉತ್ತರ ಬರುವವರೆಗೆ ಕಾದು ತೆಗೆದುಕೊಳ್ಳುತ್ತದೆ. ಎರಡೂ ಒಂದೇ ಕರೆಯಲ್ಲಿ. 'ಪ್ರೋಗ್ರಾಮು ಹೆಸರನ್ನು ಕೇಳುತ್ತದೆ' ಎಂದರೆ ಮುಗಿಯಿತು. 'ಬಳಕೆದಾರರಿಂದ ಆದಾನವನ್ನು ಸ್ವೀಕರಿಸುತ್ತದೆ' ಎಂಬಲ್ಲಿ ಪ್ರಶ್ನೆ ಕೇಳಿದ ಅರ್ಧ ಬಿದ್ದೇ ಹೋಗಿದೆ.

ಇನ್ನೊಂದು ಅರ್ಥವೂ ಇದೆ, ಅದನ್ನು ಪಾಠದಲ್ಲಿ ಬಿಡಬೇಡಿ. 'ಹೇಳಿದ ಮಾತು ಕೇಳು' ಎಂದರೆ ಹೇಳಿದಂತೆ ನಡೆ ಎಂದು. ಪೈಥಾನ್ 2ರ ಇನ್‌ಪುಟ್ ಈ ಅರ್ಥದಲ್ಲಿ ಕೇಳುತ್ತಿತ್ತು! ಟೈಪ್ ಮಾಡಿದ್ದನ್ನು ಪೈಥಾನ್ ಅಭಿವ್ಯಕ್ತಿ (ಲೆಕ್ಕ ಹಾಕಿ ಉತ್ತರ ಕೊಡಬೇಕಾದ ಕೋಡಿನ ತುಣುಕು) ಎಂದು ತಿಳಿದು ನಡೆಸಿಯೇಬಿಡುತ್ತಿತ್ತು. 2+3 ಎಂದರೆ 5 ಸಿಗುತ್ತಿತ್ತು. ಕೇಡಿನದೇನಾದರೂ ಬರೆದರೆ ಅದೂ ನಡೆಯುತ್ತಿತ್ತು. ಬರೆದದ್ದು ಬರೆದಂತೆ ಬೇಕಿದ್ದರೆ ರಾ ಇನ್‌ಪುಟ್ ಎಂಬ ಬೇರೆ ಫಂಕ್ಷನ್ ಕರೆಯಬೇಕಿತ್ತು. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3 ಹಳೆಯ ಇನ್‌ಪುಟ್ ಅನ್ನು ತೆಗೆದು, ರಾ ಇನ್‌ಪುಟ್‌ಗೇ ಆ ಹೆಸರು ಕೊಟ್ಟಿತು. ಅಂದಿನಿಂದ ಅದು ಕಿವಿಗೊಡುತ್ತದೆ, ಹೇಳಿದಂತೆ ನಡೆಯುವುದಿಲ್ಲ. ಹಳೆಯ ಉದಾಹರಣೆಗಳು ಇನ್ನೂ ಓಡಾಡುತ್ತಿರುವುದರಿಂದ ಕಲಿಯುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಪ್ರಾಂಪ್ಟ್‌ಗೆ 'ಕೇಳಿಕೆ' ಸಾಕು. 'ಸೂಚಕ' ಎಂದರೆ ದಾರಿಬದಿಯ ಫಲಕವೂ ಆಗಬಹುದು, ದೀಪವೂ ಆಗಬಹುದು.

* * *

> ಅದು ನಮ್ಮ ನಾಲಗೆಯ ಮೇಲೇ ಇದೆ: ಕೇಳು

ಚೆಂದದ ಮಾತು, ಆದರೆ ಅರ್ಧ ಸತ್ಯ. ಕಡತದಿಂದಲೋ ಪೈಪ್ (ಒಂದು ಪ್ರೋಗ್ರಾಮು ಕೊಟ್ಟದ್ದನ್ನು ಇನ್ನೊಂದಕ್ಕೆ ಹರಿಸುವ ಕೊಳವೆ) ಮೂಲಕವೋ ಬರುವುದೂ ಇನ್‌ಪುಟ್ಟೇ. ಅಲ್ಲಿ ಯಾರು ಯಾರನ್ನು ಕೇಳುತ್ತಾರೆ? ಎದುರಿಗೆ ಮನುಷ್ಯರೇ ಇಲ್ಲ. ಅಲ್ಲಿ ಊಡಿಕೆಯೇ ಸರಿ.

ನಿಮ್ಮ 'ಟೈಪ್', 'ಪ್ರೋಗ್ರಾಮು', 'ಎಂಟರ್' ನೋಡಿ ಬೇಸರವಾಯಿತು. ಪದ ಹುಟ್ಟಿಸುವ ಶ್ರಮ ಬೇಡವೆಂದರೆ ಭಾಷೆ ಸಾಲದಲ್ಲೇ ಬದುಕಬೇಕಾಗುತ್ತದೆ. 'ಟೈಪ್ ಮಾಡಿ' ಬದಲು 'ನಮೂದಿಸಿ' ಎನ್ನಲು ಏನು ಕಷ್ಟ?

* * *

ನಮೂದು ಪಾರಸಿಯಿಂದ ಬಂದದ್ದು. ಕಾಗದ, ಅರ್ಜಿ, ಕಚೇರಿ, ಮೇಜು ಇವೂ ಹೊರಗಿನಿಂದ ಬಂದವೇ. ಅವಕ್ಕೆಲ್ಲ ಕನ್ನಡದ ಪ್ರತ್ಯಯ ಹತ್ತಿ, ಕನ್ನಡದ ಉಚ್ಚಾರಣೆ ಹತ್ತಿ, ಈಗ ನಮ್ಮವಾಗಿವೆ. 'ಟೈಪಿಸು' ಎಂದು ಜನ ಆಗಲೇ ಇಸು ಹಚ್ಚಿದ್ದಾರೆ. ಪಾರಸಿಗೆ ತೆರೆದ ಬಾಗಿಲು ಇಂಗ್ಲಿಷಿಗೆ ಮಾತ್ರ ಏಕೆ ಮುಚ್ಚಬೇಕು?

ಕಡತ, ಪೈಪ್‌ಗಳ ಬಗ್ಗೆ ನೀವು ಹೇಳಿದ್ದು ಸರಿ, ಒಪ್ಪಿದೆ. ಆದರೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಬ್ಯಾಶ್‌ನಲ್ಲಿ (ಕಮಾಂಡ್ ಲೈನಿನಲ್ಲಿ ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮು) ಸಾಲೊಂದನ್ನು ಓದುವ ರೀಡ್ ಆಜ್ಞೆಗೆ ಪಿ ಆಯ್ಕೆಯ ಜೊತೆ ಪ್ರಶ್ನೆ ಕೊಟ್ಟರೆ, ಸಾಲು ಟರ್ಮಿನಲ್‌ನಿಂದ, ಅಂದರೆ ಮನುಷ್ಯರು ಟೈಪ್ ಮಾಡುವ ಕಡೆಯಿಂದ, ಬರುತ್ತಿದ್ದಾಗ ಮಾತ್ರ ಆ ಪ್ರಶ್ನೆ ಕಾಣಿಸುತ್ತದೆ. ಪೈಪ್‌ನಿಂದ ಬಂದರೆ ಮೌನವಾಗಿ ಓದಿಕೊಳ್ಳುತ್ತದೆ. ಕೇಳುವುದು ಬೇರೆ, ಬಂದದ್ದನ್ನು ತೆಗೆದುಕೊಳ್ಳುವುದು ಬೇರೆ ಎಂಬುದು ಆ ಉಪಕರಣಕ್ಕೇ ತಿಳಿದಿದೆ. ಎರಡಕ್ಕೂ 'ಆದಾನ' ಎಂದು ಒಂದೇ ಮುದ್ರೆ ಒತ್ತಿದರೆ ಕಲಿಯುವವರಿಗೆ ಈ ಗೆರೆ ಕಾಣುವುದಿಲ್ಲ.

* * *

ಎರಡಕ್ಕೂ ಒಂದೇ ಪದ ಇರುವುದೇ ಅನುಕೂಲ. ಎಲ್ಲಿಂದ ಬಂದರೂ ಪ್ರೋಗ್ರಾಮಿಗೆ ಒಂದೇ ಆಗಿರಲಿ ಎಂದೇ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅದನ್ನು ಹಾಗೆ ಕಟ್ಟಿದೆ. ಪರಿಭಾಷೆ ಬೇರೆ, ಆಡುಮಾತು ಬೇರೆ. ಇನ್ನು ನಾನು ಬರೆಯುವುದಿಲ್ಲ.

* * *

ಎಲ್ಲರಿಗೂ ವಂದನೆ. ಪಾಠ ಕಳಿಸುವ ಮೊದಲು ಹೀಗೆ ತಿದ್ದಿಕೊಂಡೆ:

'ಇಲ್ಲಿ ಪ್ರೋಗ್ರಾಮು ನಿಮ್ಮ ವಯಸ್ಸನ್ನು ಕೇಳುತ್ತದೆ. ತೆರೆಯ ಮೇಲೆ ಕಾಣುವ ಪ್ರಶ್ನೆಗೆ ಕೇಳಿಕೆ ಎನ್ನೋಣ. ನೀವು ಟೈಪ್ ಮಾಡಿದ್ದು ಅಂಕಿಯಂತೆ ಕಂಡರೂ ಪ್ರೋಗ್ರಾಮಿನ ಕೈಗೆ ಸಿಗುವುದು ಅಕ್ಷರಗಳ ಸಾಲು. ಅದಕ್ಕೆ 1 ಕೂಡಿಸಲು ಹೋದರೆ ದೋಷ ಬರುತ್ತದೆ. ಮೊದಲು ಇಂಟ್ ಎಂಬ ಫಂಕ್ಷನ್ ಬಳಸಿ ಸಂಖ್ಯೆಯಾಗಿ ಮಾರ್ಪಡಿಸಿ.'

ಇದರ ಕೆಳಗೆ ನಾನೇ ಒಂದು ಸಾಲು ಸೇರಿಸಿದೆ. '೨೫' ಎಂದು ಕನ್ನಡ ಅಂಕಿಗಳಲ್ಲಿ ಟೈಪ್ ಮಾಡಿದರೂ ಇಂಟ್ ಅದನ್ನು 25 ಎಂದೇ ತೆಗೆದುಕೊಳ್ಳುತ್ತದೆ. ನಿನ್ನೆ ಮಾಡಿ ನೋಡಿದೆ, ತುಂಬ ಸಂತೋಷವಾಯಿತು.

ಕಡತ ಓದುವ ಏಳನೆಯ ಅಧ್ಯಾಯಕ್ಕೆ 'ಊಡಿಕೆ' ಇಟ್ಟುಕೊಂಡಿದ್ದೇನೆ. ಕಮಾಂಡ್ ಲೈನ್ ಅನ್ನು ಹಾಗೆಯೇ ಬಿಟ್ಟಿದ್ದೇನೆ. ಒಂದು ಮಾತ್ರ ಉಳಿದಿದೆ: ಪಾಸ್‌ವರ್ಡ್ ಕೇಳುವಾಗ ಒತ್ತಿದ ಅಕ್ಷರ ತೆರೆಯ ಮೇಲೆ ಮೂಡದಂತೆ ಮಾಡುತ್ತಾರಲ್ಲ, ಮೂಲದಲ್ಲಿ ಅದನ್ನು 'ಎಕೋ ನಿಲ್ಲಿಸುವುದು' ಎಂದಿದೆ. 'ಪ್ರತಿಧ್ವನಿ' ಎಂದರೆ ಶಬ್ದವಾಗುತ್ತದೆ. 'ಟೈಪ್ ಮಾಡಿದ್ದು ಕಾಣಿಸುವುದಿಲ್ಲ' ಎಂದಷ್ಟೇ ಬರೆದರೆ ಸಾಕೇ?

* * *

ಸಾಕು. 'ಊಡಿಕೆ'ಯಲ್ಲಿ ಊ ದೀರ್ಘ, ಅಚ್ಚಿಗೆ ಹೋಗುವ ಮುನ್ನ ನೋಡಿಕೊಳ್ಳಿ.