ಅಪ್‌ಡೇಟ್: ಹಾಕಿ ಸ್ಟಿಕ್ ತಗುಲಿ ಮುರಿದ ಮಗನ ಹಲ್ಲು

ಗೋಣಿಕೊಪ್ಪದಲ್ಲಿ ಹಾಕಿ ಆಡುವಾಗ ಮೂರನೇ ಕ್ಲಾಸಿನ ಮಗನ ಮುಂದಿನ ಹಲ್ಲು ಮುರಿದಿತ್ತು. ಒಳಗಿನ ತಿರುಳು (ನರ, ರಕ್ತನಾಳ ಇರುವ ಮೆದು ಭಾಗ) ಕೆಂಪಗೆ ಕಾಣುತ್ತಿದೆ, ರೂಟ್ ಕೆನಾಲ್ ಬೇಕೇ ಬೇಕಾ ಅಂತ ಕೇಳಿದ್ದೆನಲ್ಲ. ಬೇಕಾಗಲಿಲ್ಲ.

ವಿರಾಜಪೇಟೆಯ ಡಾಕ್ಟರು ತಿರುಳಿನ ಮೇಲ್ಭಾಗ ಸುಮಾರು 2 ಮಿಲಿಮೀಟರ್ ಮಾತ್ರ ತೆಗೆದರು. ರಕ್ತ ನಿಂತ ಮೇಲೆ ಬಯೋಡೆಂಟಿನ್ ಇಟ್ಟು, ಅದರ ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಆದ ಕಾಂಪೋಸಿಟ್ ಕಟ್ಟಿದರು. ಬಯೋಡೆಂಟಿನ್ ಅಂದರೆ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟು. ಮನೆ ಕಟ್ಟುವ ಸಿಮೆಂಟಿಗೂ ಇದಕ್ಕೂ ಹತ್ತಿರದ ನಂಟು! ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಡುತ್ತದೆ. ಆ ಕ್ಷಾರದಲ್ಲಿ ಬ್ಯಾಕ್ಟೀರಿಯಾ ಉಳಿಯುವುದು ಕಷ್ಟ. ಜೊತೆಗೆ ಡೆಂಟಿನ್‌ನಲ್ಲಿ (ತಿರುಳಿನ ಸುತ್ತಲಿನ ಗಟ್ಟಿ ಪದರ) ಅಡಗಿದ್ದ ಬೆಳವಣಿಗೆಯ ಪ್ರೋಟೀನುಗಳು ಹೊರಬಂದು ತಿರುಳಿನ ಕಾಂಡಕೋಶಗಳನ್ನು ಎಬ್ಬಿಸುತ್ತವೆ. ಅವು ಹೊಸ ಡೆಂಟಿನ್ ಕಟ್ಟಿ ಗಾಯ ಮುಚ್ಚುತ್ತವೆ. ರಿಪೇರಿ ಮಾಡುವುದು ಹಲ್ಲೇ, ಅಲ್ವಾ?

ಇಲ್ಲಿ ಕೆಲವರು ಬಯೋಡೆಂಟಿನ್ ಬದಲು ಎಂಟಿಎ ಹೇಳಿದ್ದಿರಿ, ಅದೇ ಜಾತಿಯ ಇನ್ನೊಂದು ಸಿಮೆಂಟು. ಅದೂ ಒಳ್ಳೆಯದೇ. ಆದರೆ ಎಕ್ಸ್‌ರೇಯಲ್ಲಿ ಕಾಣಲಿ ಅಂತ ಅದಕ್ಕೆ ಸೇರಿಸುವ ಬಿಸ್ಮತ್ ಆಕ್ಸೈಡ್‌ನಿಂದ ಹಲ್ಲು ಕಪ್ಪಾಗಬಹುದಂತೆ. ದವಡೆ ಹಲ್ಲಾದರೆ ಯಾರು ನೋಡುತ್ತಾರೆ, ಇದು ಮುಂದಿನದು. ಬಯೋಡೆಂಟಿನ್‌ನಲ್ಲಿ ಅದರ ಬದಲು ಜಿರ್ಕೋನಿಯಂ ಆಕ್ಸೈಡ್ ಇದೆ. ಸುಮಾರು 12 ನಿಮಿಷಕ್ಕೆ ಗಟ್ಟಿಯೂ ಆಗುತ್ತದೆ. ಎಂಟಿಎಗೆ ಗಂಟೆಗಟ್ಟಲೆ ಬೇಕು.

ನನಗೆ ಜಾಸ್ತಿ ಮುಖ್ಯ ಅನಿಸಿದ್ದು ಬೇರಿನ ವಿಷಯ. ಈ ವಯಸ್ಸಿಗೆ ಬೇರಿನ ತುದಿ ಇನ್ನೂ ಮುಚ್ಚಿರುವುದಿಲ್ಲ. ತಿರುಳು ಬದುಕಿದ್ದರೆ ಬೇರು ಬೆಳೆದು ಅದರ ಗೋಡೆ ದಪ್ಪವಾಗುತ್ತದೆ.

ಸದ್ಯಕ್ಕೆ ನೋವಿಲ್ಲ, ತಣ್ಣನೆಯದು ತಾಗಿಸಿದರೆ ಗೊತ್ತಾಗುತ್ತದೆ, ಅಂದರೆ ತಿರುಳು ಬದುಕಿದೆ. ಮುಂದಿನ ಎಕ್ಸ್‌ರೇ ಮಳೆಗಾಲ ಮುಗಿದ ಮೇಲೆ. ಮೌತ್‌ಗಾರ್ಡ್ ಹಾಕದೆ ಮೈದಾನಕ್ಕೆ ಮಾತ್ರ ಬಿಡುವುದಿಲ್ಲ.