ಪದಚರ್ಚೆ: ‘ಮಿಸ್ಸಿಂಗ್ ಡೇಟಾ’ಗೆ ‘ಕಾಣೆಯಾದ ದತ್ತಾಂಶ’ ಸರಿಹೊಂದುತ್ತದೆಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಒಂದೇ ಗುಂಪಿನ ಜನರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತಾ ಹೋಗುವ ಅಧ್ಯಯನಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಹೃದಯ ಅಧ್ಯಯನ ಈ ಬಗೆಯದು. ಎಷ್ಟೇ ಎಚ್ಚರ ವಹಿಸಿದರೂ ಇಂಥವುಗಳಲ್ಲಿ ವಯಸ್ಸು, ಓದು, ವರಮಾನ, ಮದುವೆಯ ಕಾಲಂಗಳಲ್ಲಿ ಕೆಲವು ಖಾಲಿ ಉಳಿಯುತ್ತವೆ. ಅವನ್ನು ‘ಕಾಣೆಯಾದ ದತ್ತಾಂಶ’ ಎನ್ನಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ಕಾಣೆಯಾಗಬೇಕಾದರೆ ಮೊದಲು ಇದ್ದಿರಬೇಕಲ್ಲ? ವರಮಾನ ಹೇಳಲು ಒಪ್ಪದವರ ಮಾಹಿತಿ ಸಿಕ್ಕೇ ಇಲ್ಲ. ಹುಟ್ಟಿದ ವರ್ಷ ತಮಗೇ ಗೊತ್ತಿಲ್ಲದವರದು ಬೇರೆ. ಮೊದಲ ಸುತ್ತಿನಲ್ಲಿ ಓದಿನ ಪ್ರಶ್ನೆಯನ್ನೇ ಇಟ್ಟಿರಲಿಲ್ಲ ಎಂಬುದು ಇನ್ನೊಂದು. ನಡುವೆ ಅಧ್ಯಯನವನ್ನೇ ಬಿಟ್ಟುಹೋದವರದು ಮತ್ತೊಂದು. ಎಲ್ಲಕ್ಕೂ 99 ಎಂದು ಒಂದೇ ಸಂಕೇತ ಹಾಕಿಟ್ಟರೆ, ಮುಂದೆ ಯಾರೋ ವಯಸ್ಸಿನ ಸರಾಸರಿ ತೆಗೆಯುವಾಗ ತೊಂಬತ್ತೊಂಬತ್ತರ ಅಜ್ಜ ಅಜ್ಜಿಯರು ಸಾಲುಗಟ್ಟಿ ನಿಲ್ಲುತ್ತಾರೆ! ಒಟ್ಟಿಗೆ ‘ಸಿಗದ ಮಾಹಿತಿ’, ಒಳಗೆ ‘ಹೇಳದ್ದು’, ‘ತಿಳಿಯದ್ದು’, ‘ಕೇಳದ್ದು’, ‘ಕೈತಪ್ಪಿದ್ದು’ ಎಂದು ಬರೆದುಕೊಂಡಿದ್ದೇನೆ. ಆದರೆ ‘ಕೇಳದ್ದು’ ಎಂದರೆ ಕಿವಿಗೆ ಬೀಳದ್ದು ಎಂದೂ ಆಗುತ್ತದೆ.

ಇದಕ್ಕಿಂತ ಕಷ್ಟದ್ದು, ಮಾಹಿತಿ ಸಿಗದಿರುವುದು ಯಾವುದನ್ನು ಅವಲಂಬಿಸಿದೆ ಎಂದು ನೋಡಿ ಮಾಡುವ ಮೂರು ಬಗೆಯ ವಿಂಗಡಣೆ; ಇದು ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ ಅವರ 1976ರ ಲೇಖನದಿಂದ ಬೆಳೆದುಬಂದದ್ದು. ಖಾಲಿ ಉಳಿಯುವುದಕ್ಕೂ ಯಾವ ವಿವರಕ್ಕೂ ನಂಟಿಲ್ಲದಿದ್ದರೆ ಅದು ಮೊದಲ ಬಗೆ. ‘ಮಿಸ್ಸಿಂಗ್ ಅಟ್ ರ್‍ಯಾಂಡಮ್’ ಎಂಬ ಎರಡನೆಯ ಬಗೆಯನ್ನು ‘ಯಾದೃಚ್ಛಿಕ’ ಎಂದರೆ ಓದುಗರು ಬರೀ ಆಕಸ್ಮಿಕ ಎಂದುಕೊಳ್ಳುತ್ತಾರೆ. ಅರ್ಥ ಹಾಗಿಲ್ಲ. ವಯಸ್ಸಾದವರು ವರಮಾನದ ಪ್ರಶ್ನೆಯನ್ನು ಹೆಚ್ಚಾಗಿ ಬಿಡುತ್ತಾರೆ, ಆದರೆ ಒಂದೇ ವಯಸ್ಸಿನವರಲ್ಲಿ ಬಿಡುವುದಕ್ಕೂ ವರಮಾನಕ್ಕೂ ನಂಟಿಲ್ಲ ಎನ್ನಿ. ವಯಸ್ಸು ದಾಖಲಾಗಿದ್ದರೆ ಲೆಕ್ಕವನ್ನು ಸರಿದೂಗಿಸಬಹುದು. ವರಮಾನ ಹೆಚ್ಚೆಂಬ ಕಾರಣಕ್ಕೇ ಮುಚ್ಚಿಟ್ಟರೆ ಅದು ಮೂರನೆಯ ಬಗೆ. ಕೈಲಿರುವ ದಾಖಲೆ ನೋಡಿ ಈ ಎರಡರಲ್ಲಿ ಯಾವುದೆಂದು ತೀರ್ಮಾನಿಸಲಾಗದು. ‘ಯಾವುದಕ್ಕೂ ಕಟ್ಟುಬೀಳದ’, ‘ಕಂಡದ್ದಕ್ಕೆ ಕಟ್ಟುಬಿದ್ದ’, ‘ಕಾಣದ್ದಕ್ಕೂ ಕಟ್ಟುಬಿದ್ದ’ ಎಂದರೆ ಉದ್ದವಾಯಿತು, ಆದರೆ ಅರ್ಥ ಕೆಡುವುದಿಲ್ಲ. ಇದನ್ನೇ ಚುಟುಕಾಗಿ ಹೇಳಲು ಬರುತ್ತದೆಯೇ?

ಖಾಲಿ ಜಾಗವನ್ನು ಅಂದಾಜಿನಿಂದ ತುಂಬುವ ‘ಇಂಪ್ಯುಟೇಶನ್’ಗೆ ‘ಆರೋಪಣೆ’ ಬೇಡವೇ ಬೇಡ, ಯಾರ ಮೇಲೋ ತಪ್ಪು ಹೊರಿಸಿದ ಹಾಗಿರುತ್ತದೆ. ‘ಅಂದಾಜು ಭರ್ತಿ’ ಹೇಗೆ? ಒಂದೊಂದು ಖಾಲಿ ಜಾಗಕ್ಕೂ ಹಲವು ಸಂಭವನೀಯ ಬೆಲೆಗಳನ್ನು ತುಂಬಿ, ಅವುಗಳ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುವ ವಿಧಾನ ‘ಬಹು ಭರ್ತಿ’ ಆಗಲಿ. ಇನ್ನೊಂದು ಸುತ್ತಿನ ಕಡತದಿಂದ ಹುಟ್ಟಿದ ವರ್ಷ ತಂದು ಹಾಕುವುದನ್ನು ಮಾತ್ರ ಇದರಡಿ ಸೇರಿಸಲಾರೆ, ಅದರಲ್ಲಿ ಅಂದಾಜಿಲ್ಲ. ಮದುವೆಯ ವಿವರವನ್ನು ಹಾಗೆ ತರುವಂತೆಯೂ ಇಲ್ಲ, ಅದು ಬದಲಾಗಿರಬಹುದು. ಹೀಗೆ ಇದ್ದದ್ದನ್ನೇ ತಂದು ಕೂರಿಸುವುದಕ್ಕೆ ಕಡತ, ಲೆಕ್ಕಪತ್ರದವರ ಬಾಯಲ್ಲಿ ಒಂದು ಮಾತು ಇದ್ದೀತು. ಗೊತ್ತಿದ್ದವರು ತಿಳಿಸಿ.