ಕೇಪಳದ ಚಿಗುರು ಹಳದಿ, ಹೂವೂ ಇಲ್ಲ: ಏನು ಕಾರಣ?

ಪ್ರಶ್ನೆ (ಮೈಸೂರು)
ಕಾಂಪೌಂಡ್ ಗೋಡೆಯಿಂದ ಒಂದಡಿ ದೂರದಲ್ಲಿ ಕೆಂಪು ಕೇಪಳ ಇದೆ, ಎರಡು ವರ್ಷದ ಗಿಡ. ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ಹಳೆ ಎಲೆ ಚೆನ್ನಾಗಿಯೇ ಇವೆ. ಹಾಕುವುದು ಬೋರ್‌ವೆಲ್ ನೀರು. ಯೂರಿಯಾ ಕೊಟ್ಟರೂ ಬಣ್ಣ ತಿರುಗಲಿಲ್ಲ. ಎರಡು ತಿಂಗಳಿಗೊಮ್ಮೆ ಬೇಲಿಯ ಹಾಗೆ ಸಮ ಕತ್ತರಿಸುತ್ತೇವೆ. ಹೂ ತೀರಾ ಅಪರೂಪ.

ಉತ್ತರ 1
ಇದು ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾಗಿದ್ದರೆ ಹಳೆ ಎಲೆ ಮೊದಲು ಹಳದಿಯಾಗುತ್ತಿತ್ತು, ಆದ್ದರಿಂದ ಯೂರಿಯಾ ನಿಲ್ಲಿಸಿ. ಕೇಪಳ ಕರಾವಳಿಯ ಮುರಕಲ್ಲು ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಗಿಡ. ಅದಕ್ಕೆ ಹುಳಿ ಮಣ್ಣು ಬೇಕು, ರಸಸಾರ (pH; ಸಂಖ್ಯೆ ಇಳಿದಷ್ಟೂ ಮಣ್ಣು ಹುಳಿ) 5ರಿಂದ 6. ಗೋಡೆಯ ಸಿಮೆಂಟಿನಿಂದ ಇಳಿಯುವ ಸುಣ್ಣ, ಬೋರ್‌ವೆಲ್‌ನ ಗಡಸು ನೀರು ಎರಡೂ ರಸಸಾರ ಏರಿಸುತ್ತವೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಅನ್ನಭೇದಿಯನ್ನು (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಬುಡಕ್ಕೆ ಹಾಕಿದರೂ ಅದೇ ಗತಿ, ಬೇಗ ಕಟ್ಟಿಹೋಗುತ್ತದೆ. ಎಲೆಗೆ ಸಿಂಪಡಿಸಿ: ಒಂದು ಲೀಟರ್ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ, ಆಮೇಲೆ 5 ಗ್ರಾಂ ಅನ್ನಭೇದಿ. ಸಂಜೆ ಹೊತ್ತು, 10–15 ದಿನಕ್ಕೊಮ್ಮೆ, ಮೂರು ಸಲ. ಗೋಡೆ, ನೆಲದ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹುಷಾರು. ಬುಡಕ್ಕೇ ಕೊಡಬೇಕೆಂದರೆ ಇಡಿಡಿಎಚ್‌ಎ ಕೀಲೇಟ್ ಕಬ್ಬಿಣ (ಮಣ್ಣಲ್ಲಿ ಕಟ್ಟಿಹೋಗದಂತೆ ಇನ್ನೊಂದು ವಸ್ತು ಹಿಡಿದಿಟ್ಟ ಕಬ್ಬಿಣ) ಕೊಳ್ಳಿ. ಸುಣ್ಣದ ಮಣ್ಣಲ್ಲೂ ಕೆಲಸ ಮಾಡುವುದು ಅದು.

ಉತ್ತರ 2
ಹೂ ಬಾರದಿರುವುದಕ್ಕೆ ನಿಮ್ಮ ಕತ್ತರಿಯೇ ಕಾರಣ. ಕೇಪಳದ ಮೊಗ್ಗು ಹೊಸ ರೆಂಬೆಯ ತುದಿಯಲ್ಲೇ ಮೂಡುತ್ತದೆ. ಎರಡು ತಿಂಗಳಿಗೊಮ್ಮೆ ಆ ತುದಿ ಹಾರಿಸಿದರೆ ಹೂವೆಲ್ಲಿಂದ ಬರಬೇಕು? ಒಂದು ಸುತ್ತಿನ ಗೊಂಚಲು ಬಾಡಿದ ಮೇಲೆ, ಎರಡು ಗೆಣ್ಣು ಸಮೇತ ಚಿವುಟಿದರೆ ಸಾಕು. ದಿನಕ್ಕೆ ಐದಾರು ಗಂಟೆ ಬಿಸಿಲೂ ಬೀಳಬೇಕು. ನೆರಳಲ್ಲಿ ಎಲೆ ದಂಡಿಯಾಗಿ ಬರುತ್ತದೆ, ಗೊಂಚಲು ಬರುವುದಿಲ್ಲ.

ಉತ್ತರ 3
ಸಿಂಪಡಣೆಗೆ ಮೊದಲು ಒಂದು ಕಡೆ ಮಣ್ಣು ಸರಿಸಿ ಬೇರು ನೋಡಿ. ಗಂಟು ಗಂಟಾಗಿದ್ದರೆ ಬೇರಿಗೆ ಬೀಳುವ ಸೂಕ್ಷ್ಮ ಜಂತುಹುಳು (ನೆಮಟೋಡ್). ನೀರು ನಿಂತು ಕಪ್ಪಾಗಿದ್ದರೆ ಕೊಳೆ. ಅಂಥ ಬೇರು ಕಬ್ಬಿಣ ಹೀರಲಾರದು, ಹೊರಗಿನ ಲಕ್ಷಣ ಮಾತ್ರ ಇದೇ.

ಪ್ರಶ್ನೆ ಕೇಳಿದವರು
ಬೇರು ಬೆಳ್ಳಗಿದೆ, ಗಂಟಿಲ್ಲ. ಬೂದಿ, ಮೊಟ್ಟೆ ಸಿಪ್ಪೆ ಹಾಕುತ್ತಿದ್ದೆವು. ತೊಂದರೆಯೇ?

ಉತ್ತರ 1
ಎರಡೂ ಸುಣ್ಣದ ಕಡೆಗೇ ಎಳೆಯುತ್ತವೆ, ಬಿಡಿ. ಬದಲಿಗೆ ಬುಡಕ್ಕೆ ಎರಡು ಇಂಚು ತರಗೆಲೆ ಹೊದಿಸಿ, ಮಳೆನೀರು ಹಿಡಿದಿಟ್ಟು ಅದನ್ನೇ ಹಾಕಿ. ಮುಂಗಾರು ಹಿಡಿದ ಮೇಲೆ ಬೇರಿನ ಮಣ್ಣು ಉದುರದಂತೆ ಎತ್ತಿ, ಗೋಡೆಯಿಂದ ಮೂರಡಿ ಆಚೆ ನೆಡಿ. ಇಲ್ಲದಿದ್ದರೆ ಈ ಸಿಂಪಡಣೆ ವರ್ಷಕ್ಕೆ ಹಲವು ಸಲ ಮಾಡುತ್ತಲೇ ಇರಬೇಕಾಗುತ್ತದೆ.